ಗಾರ್ಮೆಂಟ್ಸ್‌ನಲ್ಲಿ ಹೊಸ ಟೈಲರ್‌ಗಳು ಮೂರು ತಿಂಗಳೂ ನಿಲ್ಲುತ್ತಿಲ್ಲ, ಎಲ್ಲಿಂದ ಸರಿಪಡಿಸೋದು?

ಕೇಳಿದವರು

ಪೀಣ್ಯ ಕಡೆಯ ಶರ್ಟ್ ಯೂನಿಟ್. ಆರು ಲೈನ್, ಸುಮಾರು 350 ಜನ, ಹೆಚ್ಚಿನವರು ಹೆಣ್ಣುಮಕ್ಕಳು. ತಿಂಗಳಿಗೆ ಮೂವತ್ತು ಜನ ಸೇರಿದರೆ ಮೂರು ತಿಂಗಳಲ್ಲಿ ಅರ್ಧದಷ್ಟು ಜನ ಇರುವುದಿಲ್ಲ. ಹಾಜರಾತಿ ಬೋನಸ್ ಏರಿಸೋಣ ಅಂತ ಮ್ಯಾನೇಜ್‌ಮೆಂಟ್ ಹೇಳುತ್ತಿದೆ. ಅದರಿಂದ ಜನ ನಿಲ್ಲುತ್ತಾರಾ? ಎಚ್‌ಆರ್‌ನಲ್ಲಿ ಇರುವವರು, ಫ್ಲೋರ್ ಬಲ್ಲವರು, ಯೂನಿಯನ್‌ನವರು ದಯವಿಟ್ಟು ತಿಳಿಸಿ.

ಎಚ್‌ಆರ್ ಕಡೆಯಿಂದ

ಬೋನಸ್‌ಗೆ ಕೈ ಹಾಕುವ ಮೊದಲು ಒಂದು ಪಟ್ಟಿ ಮಾಡಿ. ಕಳೆದ ಆರು ತಿಂಗಳಲ್ಲಿ ಬಿಟ್ಟವರ ಹೆಸರಿನ ಮುಂದೆ ಸೇರಿದ ದಿನ, ಕೊನೆಯ ಹಾಜರಿ, ಯಾವ ಲೈನ್, ಯಾವ ಆಪರೇಷನ್ (ಶರ್ಟಿನ ಯಾವ ಭಾಗದ ಹೊಲಿಗೆ) ಅಂತ ಬರೆಯಿರಿ. ಒಟ್ಟು ಶೇಕಡಾವಾರು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಎಷ್ಟನೇ ದಿನಕ್ಕೆ ಬಿಟ್ಟರು ಅನ್ನೋದೇ ಮುಖ್ಯ. ಮೊದಲ ಹತ್ತು ದಿನದಲ್ಲೇ ಹೋದವರು ಟಾರ್ಗೆಟ್‌ಗೋ ಬೈಗುಳಕ್ಕೋ ಹೆದರಿ ಹೋಗಿರುತ್ತಾರೆ. ಮೊದಲ ಸಂಬಳದ ಮರುದಿನ ಬರಲಿಲ್ಲ ಅಂದರೆ, ಹೇಳಿದ ಸಂಬಳಕ್ಕೂ ಕೈಗೆ ಬಂದ ಸಂಬಳಕ್ಕೂ ತಾಳೆಯಾಗಿಲ್ಲ.

ಈ ಎರಡನೆಯದನ್ನು ನಿಲ್ಲಿಸೋಕೆ ಖರ್ಚೇ ಇಲ್ಲ. ಗೇಟಿನಲ್ಲಿ ಸೇರಿಸಿಕೊಳ್ಳುವಾಗ ಎಲ್ಲರೂ ಗ್ರಾಸ್ ಸಂಬಳ (ಕಡಿತಕ್ಕೆ ಮೊದಲಿನದು) ಹೇಳುತ್ತಾರೆ. ಉದಾಹರಣೆಗೆ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 13,000 ಅಂದುಕೊಳ್ಳಿ. ಪಿಎಫ್ ಶೇ 12 ಅಂದರೆ 1,560, ಇಎಸ್‌ಐ ಶೇ 0.75 ಅಂದರೆ 98 ಹೋಗಿ ಕೈಗೆ ಬರೋದು 11,342. ತಿಂಗಳ ಮಧ್ಯೆ ಸೇರಿದ್ದರೆ ಇನ್ನೂ ಕಡಿಮೆ. ಹದಿಮೂರು ಸಾವಿರ ಅಂತ ನಂಬಿ ಬಾಡಿಗೆ, ಚೀಟಿ ಲೆಕ್ಕ ಹಾಕಿಕೊಂಡವಳಿಗೆ ಅದು ಮೋಸ ಅಂತಲೇ ಅನಿಸುತ್ತದೆ. ಸೇರುವ ದಿನವೇ ಈ ಲೆಕ್ಕವನ್ನು ಕನ್ನಡದಲ್ಲಿ ಒಂದು ಕಾಗದದಲ್ಲಿ ಬರೆದು ಕೈಗೆ ಕೊಡಿ. ಬಸ್ಸು, ಊಟಕ್ಕೆ ಹಣ ಹಿಡಿಯುತ್ತಿದ್ದರೆ ಅದನ್ನೂ ಬರೆಯಿರಿ.

ಹಾಜರಾತಿ ಬೋನಸ್‌ನಲ್ಲಿ ಒಂದು ತೊಡಕಿದೆ. ಒಂದು ದಿನ ರಜೆ ಹಾಕಿದರೆ ಇಡೀ ಬೋನಸ್ ಹೋಗುವಂತಿದ್ದರೆ, 5ನೇ ತಾರೀಕು ಮಗುವಿಗೆ ಜ್ವರ ಬಂದು ರಜೆ ಹಾಕಿದವಳಿಗೆ ಉಳಿದ ಇಪ್ಪತ್ತು ದಿನ ಬರೋದಕ್ಕೆ ಆ ಬೋನಸ್‌ನಿಂದ ಯಾವ ಕಾರಣವೂ ಉಳಿಯಲ್ಲ. ವಾರಕ್ಕಿಷ್ಟು ಅಂತ ಒಡೆದು ಕೊಡಿ.

ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಕಡೆಯಿಂದ

ಮೊದಲ ಹತ್ತು ದಿನದ ವಿಷಯ ಪೂರ್ತಿ ನಮ್ಮ ವಿಭಾಗದ್ದು. ಒಂದು ಆಪರೇಷನ್‌ಗೆ ಎಸ್‌ಎಎಂ (ಒಂದು ಪೀಸಿಗೆ ನಿಗದಿ ಮಾಡಿದ ಸಮಯ) 0.75 ನಿಮಿಷ ಅಂದರೆ ಗಂಟೆಗೆ 80 ಪೀಸು, ಅದೂ ಪಳಗಿದ ಕೈ ನೂರಕ್ಕೆ ನೂರು ಓಡಿದಾಗ. ಲೈನೇ ಶೇ 60ರಲ್ಲಿ ಓಡುತ್ತಿದ್ದರೆ ಪಳಗಿದವರೂ 48 ಕೊಡುತ್ತಿರುತ್ತಾರೆ. ಹೀಗಿರುವಾಗ ಮೂರನೇ ದಿನದ ಹುಡುಗಿಯ ಮುಂದೆ ಬೋರ್ಡಿನಲ್ಲಿ 80 ಅಂತ ಬರೆದರೆ ಅವಳು ನೀರು ಕುಡಿಯೋಕೂ ಏಳುವುದಿಲ್ಲ. ಅವಸರದಲ್ಲಿ ಹೊಲಿಗೆ ಜಾರಿ ಆಲ್ಟರ್ (ಸರಿಪಡಿಸಲು ವಾಪಸ್ ಬರುವ ಪೀಸು) ಹೆಚ್ಚಾಗುತ್ತದೆ. ಆಲ್ಟರ್ ಬಿಚ್ಚಿ ಮತ್ತೆ ಹೊಲಿಯುವ ಹೊತ್ತಿಗೆ ಗಂಟೆಯ ಲೆಕ್ಕ ಇನ್ನಷ್ಟು ಬೀಳುತ್ತದೆ, ಬೈಗುಳ ಶುರುವಾಗುತ್ತದೆ.

ಹೊಸಬರಿಗೆ ಬೇರೆಯದೇ ಏರಿಕೆ ಬರೆದಿಡಿ. ಮೇಲಿನ ಆಪರೇಷನ್‌ಗೆ ಮೊದಲ ವಾರ 20, ಎರಡನೇ ವಾರ 28, ನಾಲ್ಕನೇ ವಾರಕ್ಕೆ 40 ಹೀಗೆ. ನಿಮ್ಮ ಯೂನಿಟ್‌ನ ಹಳೆಯ ದಾಖಲೆ ನೋಡಿ ಅಂಕಿ ಹೊಂದಿಸಿಕೊಳ್ಳಿ. ಮೊದಲ ಎರಡು ವಾರ ಕಾಲರ್, ಕಫ್, ಸ್ಲೀವ್ ಅಟ್ಯಾಚ್‌ಗೆ ಕೂರಿಸಬೇಡಿ. ನೇರ ಹೊಲಿಗೆಯಿಂದ ಶುರು ಮಾಡಿಸಿ.

ಬಂಡಲ್ (ಹೊಲಿಯಬೇಕಾದ ತುಂಡುಗಳ ಕಟ್ಟು) ಬರದೆ ಕಾದ ಸಮಯ, ಮಿಷನ್ ಕೆಟ್ಟು ಮೆಕ್ಯಾನಿಕ್‌ಗೆ ಕಾದ ಸಮಯ ಅವಳ ಲೆಕ್ಕದಿಂದ ಕಳೆಯಬೇಕು. ಹಿಂದಿನ ಆಪರೇಷನ್‌ನಲ್ಲಿ ಕೆಲಸ ಕಟ್ಟಿಕೊಂಡು ಇಪ್ಪತ್ತು ನಿಮಿಷ ಖಾಲಿ ಕೂತವಳನ್ನೇ ಗಂಟೆಯ ಕೊನೆಗೆ "ಯಾಕೆ ಕಮ್ಮಿ?" ಅಂತ ಕೇಳಿದರೆ, ಈ ಜಾಗದಲ್ಲಿ ನ್ಯಾಯ ಇಲ್ಲ ಅಂತ ಅವಳು ಅವತ್ತೇ ತೀರ್ಮಾನ ಮಾಡುತ್ತಾಳೆ.

ಯೂನಿಯನ್ ಕಡೆಯಿಂದ

ಆಲ್ಟರ್ ಬಂಡಲ್ ಹೇಗೆ ವಾಪಸ್ ಬರುತ್ತೆ ಅನ್ನೋದನ್ನು ಒಂದು ದಿನ ನಿಂತು ನೋಡಿ. ಮಿಷನ್ ಮೇಲೆ ಎಸೆದು, ಅಕ್ಕಪಕ್ಕದ ನಾಲ್ಕು ಮಿಷನ್‌ಗೆ ಕೇಳುವ ಹಾಗೆ ಅಪ್ಪ ಅಮ್ಮನನ್ನು ಎಳೆದು ಬೈಯುವ ಲೈನ್‌ನಲ್ಲೇ ಜನ ಹೆಚ್ಚು ಬಿಟ್ಟಿರುತ್ತಾರೆ, ನಿಮ್ಮ ಪಟ್ಟಿ ಜೊತೆ ಹೋಲಿಸಿ. "ಇಲ್ಲಿ ಅಂಚಿನಿಂದ ಕಾಲಿಂಚು ಬೇಕಿತ್ತಮ್ಮ, ನೋಡು, ಇಲ್ಲಿಂದ ಜಾರಿದೆ" ಅಂತ ಬೆರಳಿಟ್ಟು ತೋರಿಸೋಕೆ ಅರ್ಧ ನಿಮಿಷ ಸಾಕು. ಸೂಪರ್‌ವೈಸರ್ ಮೇಲೂ ಟಾರ್ಗೆಟ್ ಒತ್ತಡ ಇರುತ್ತೆ, ಒಪ್ಪುತ್ತೇವೆ. ಅದಕ್ಕೇ ಅವರ ಇನ್ಸೆಂಟಿವ್‌ನಲ್ಲಿ ಪೀಸಿನ ಜೊತೆ "ಲೈನ್‌ನಲ್ಲಿ ಎಷ್ಟು ಜನ ಉಳಿದರು" ಅನ್ನೋದನ್ನೂ ಸೇರಿಸಿ. ಶೌಚಾಲಯಕ್ಕೆ ಹೋಗಲು ಟೋಕನ್ ಇದ್ದರೆ ಇವತ್ತೇ ತೆಗೆದುಹಾಕಿ.

ಹಳಬರು ಯಾಕೆ ಬಿಡುತ್ತಾರೆ ಅಂತ ನೀವು ಕೇಳಿಲ್ಲ, ಆದರೆ ಹೊಸಬರನ್ನು ಸೇರಿಸುತ್ತಲೇ ಇರಬೇಕಾದ ಸ್ಥಿತಿ ಹುಟ್ಟೋದು ಅಲ್ಲಿಂದಲೇ. ಜೂನ್‌ನಲ್ಲಿ ಶಾಲೆ ಫೀಸು, ಮನೆಯಲ್ಲಿ ಮದುವೆ ಅಂದಾಗ ಕೈಗೆ ಸಿಗುವ ದೊಡ್ಡ ಮೊತ್ತ ಪಿಎಫ್ ಒಂದೇ. ಮಾಲೀಕರ ಪಾಲಿನ ಪಿಎಫ್ ಹಣ 58 ವರ್ಷದವರೆಗೆ ತೆಗೆಯುವಂತಿಲ್ಲ ಅನ್ನೋ ಆದೇಶ ಬಂದಾಗ, 2016ರ ಏಪ್ರಿಲ್‌ನಲ್ಲಿ ಬೊಮ್ಮನಹಳ್ಳಿ, ಪೀಣ್ಯದ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಎರಡನೇ ದಿನವೇ ಕೇಂದ್ರ ಸರ್ಕಾರ ಆದೇಶ ವಾಪಸ್ ತೆಗೆದುಕೊಂಡಿತು. ಆ ಹಣ ಅವರಿಗೆ ಎಷ್ಟು ಮುಖ್ಯ ಅಂತ ಇದರಿಂದಲೇ ತಿಳಿಯಿರಿ.

ಆದರೆ ಆ ಪಿಎಫ್ ಹಣ ತೆಗೆಯೋದಕ್ಕಾಗಿ ಕೆಲಸ ಬಿಟ್ಟು, ಪಕ್ಕದ ಫ್ಯಾಕ್ಟರಿಗೆ ಹೊಸಬಳಾಗಿ ಸೇರಿದಾಗ ಆಗುವ ನಷ್ಟ ಯಾರೂ ವಿವರಿಸಿ ಹೇಳುವುದಿಲ್ಲ. ಐದು ವರ್ಷ ತುಂಬಿದರೆ ಗ್ರಾಚ್ಯುಟಿ: 13,000ಕ್ಕೆ ವರ್ಷಕ್ಕೆ 7,500, ಐದು ವರ್ಷಕ್ಕೆ 37,500. ನಾಲ್ಕು ವರ್ಷಕ್ಕೇ ಬಿಟ್ಟವಳಿಗೆ ಅದಿಲ್ಲ. ಪಿಂಚಣಿ ಪಾಲಿನ ಹಣವನ್ನೂ ಪ್ರತಿಸಲ ಫಾರಂ 10ಸಿ ಹಾಕಿ ತೆಗೆದುಬಿಟ್ಟರೆ ಸೇವೆಯ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಒಟ್ಟು ಇಪ್ಪತ್ತು ವರ್ಷ ದುಡಿದರೂ, ಪಿಂಚಣಿಗೆ ಬೇಕಾದ ಹತ್ತು ವರ್ಷ ಎಲ್ಲೂ ಕೂಡಿಬರಲ್ಲ.

ಕೇಳಿದವರು

ಕೆಲಸದಲ್ಲಿ ಇದ್ದುಕೊಂಡೇ ಪಿಎಫ್ ಮುಂಗಡ ತೆಗೆಯಬಹುದು ಅಂತ ಹೇಳಿದರೂ ಬಿಡುತ್ತಾರೆ. ಅರ್ಜಿ ತಿರಸ್ಕಾರ ಆಗುತ್ತೆ ಅಂತಾರೆ.

ಎಚ್‌ಆರ್ ಕಡೆಯಿಂದ

ಅವರು ಹೇಳೋದು ನಿಜ. ಪಿಎಫ್ ಮುಂಗಡದ ಅರ್ಜಿ, ಅಂದರೆ ಫಾರಂ 31, ತಿರಸ್ಕಾರ ಆಗೋದು ಹೆಚ್ಚಾಗಿ ಹೆಸರಿನ ವ್ಯತ್ಯಾಸಕ್ಕೆ. ಆಧಾರ್‌ನಲ್ಲಿ "ಲಕ್ಷ್ಮಮ್ಮ", ಯುಎಎನ್‌ನಲ್ಲಿ (ಪಿಎಫ್ ಸದಸ್ಯರ ಸಂಖ್ಯೆ) "ಲಕ್ಷ್ಮಿ ಕೆ", ಬ್ಯಾಂಕಿನಲ್ಲಿ ಗಂಡನ ಹೆಸರು ಸೇರಿಸಿದ ಮೂರನೇ ರೂಪ. ಹುಟ್ಟಿದ ದಿನಾಂಕ ಬೇರೆ, ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಈಗ ಇಲ್ಲ. ತಿಂಗಳಿಗೆ ಒಂದು ದಿನ ಕ್ಯಾಂಟೀನ್‌ನಲ್ಲಿ ಮೇಜು ಹಾಕಿ, ಊಟದ ಹೊತ್ತಿನಲ್ಲಿ ಈ ಮೂರನ್ನೂ ತಾಳೆ ನೋಡಿ, ತಿದ್ದುಪಡಿಗೆ ಕಾರ್ಮಿಕರೂ ಕಂಪನಿಯೂ ಸೇರಿ ಕೊಡುವ ಜಂಟಿ ಘೋಷಣೆ ಸಲ್ಲಿಸಿ. ಹಳೆಯ ಕಂಪನಿಯ ಪಿಎಫ್ ಇದ್ದರೆ ಇದೇ ಯುಎಎನ್‌ಗೆ ವರ್ಗಾಯಿಸಿ. ಹಣ ಯಾವ ಕಾರಣಕ್ಕೆ, ಎಷ್ಟು ತೆಗೆಯಬಹುದು ಅನ್ನೋ ನಿಯಮ ಆಗಾಗ ಬದಲಾಗುತ್ತೆ, ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ.

ಗರ್ಭಿಣಿಯರ ವಿಷಯವೂ ಹೀಗೇ. ಇಎಸ್‌ಐನಲ್ಲಿ 26 ವಾರದ ಹೆರಿಗೆ ಸೌಲಭ್ಯ ಇದೆ ಅನ್ನೋದು ಗೊತ್ತಿಲ್ಲದೆ ಆರನೇ ತಿಂಗಳಿಗೆ ರಾಜೀನಾಮೆ ಬರೆದುಕೊಡುತ್ತಾರೆ. ಆ ಕಾಗದ ತೆಗೆದುಕೊಳ್ಳುವ ಮೊದಲು ಅವಳ ಇಎಸ್‌ಐ ವಂತಿಗೆಯ ದಿನಗಳನ್ನು ತೆಗೆದು ನೋಡಿ, ಚೆಕಿಂಗ್‌ನಂಥ ಹಗುರ ಕೆಲಸಕ್ಕೆ ಹಾಕಿ.

ಕಾರ್ಮಿಕ ಅಧ್ಯಯನದ ಕಡೆಯಿಂದ

ಎರಡು ವಿಷಯ ಸೇರಿಸುತ್ತೇನೆ. ಅರ್ಥಶಾಸ್ತ್ರಜ್ಞ ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರು ಬೆಂಗಳೂರು ಸುತ್ತಲಿನ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಗೆ ಮಿಷನ್‌ನ ಫ್ಲೋರೆಸೆಂಟ್ ದೀಪ ತೆಗೆದು ಎಲ್‌ಇಡಿ ಹಾಕಿದ್ದರ ಪರಿಣಾಮ ಅಳೆದಿದ್ದಾರೆ. ದೀಪದ ಶಾಖ ಇಳಿದು, ಬಿಸಿಲಿನ ದಿನಗಳಲ್ಲಿ ಉತ್ಪಾದನೆ ಬೀಳೋದು ಬಹಳಷ್ಟು ತಗ್ಗಿತು. ಮಾರ್ಚ್‌ಗೆ ಮೊದಲೇ ನಿಮ್ಮ ಫ್ಲೋರ್‌ನಲ್ಲೂ ನೋಡಿ.

ಇನ್ನೊಂದು, ನಿರೀಕ್ಷೆಗಿಂತ ಸಂಬಳ ಕಡಿಮೆ ಏರಿದ ಹೊತ್ತಿನಲ್ಲಿ ಗಾರ್ಮೆಂಟ್ಸ್ ಕಾರ್ಮಿಕರ ನಡುವೆ ಮಾಡಿದ ಪ್ರಯೋಗ. ಕೆಲವರಿಗೆ ಹೆಸರಿಲ್ಲದ ಸಮೀಕ್ಷೆಯಲ್ಲಿ ಕೆಲಸ, ಸೂಪರ್‌ವೈಸರ್ ಬಗ್ಗೆ ಹೇಳಿಕೊಳ್ಳಲು ಅವಕಾಶ ಕೊಟ್ಟರು. ಅವರಲ್ಲಿ ಕೆಲಸ ಬಿಟ್ಟವರೂ ಗೈರಾದವರೂ ಕಡಿಮೆ, ಹೆಚ್ಚು ನಿರಾಶರಾದವರಲ್ಲೇ ಇದರ ಪರಿಣಾಮ ಹೆಚ್ಚು.

ಮಾಡುವುದಾದರೆ ಸೂಪರ್‌ವೈಸರ್ ಕೈಯಲ್ಲಿ ಫಾರಂ ಹಂಚಿಸಬೇಡಿ, ಕೈಬರಹ ಗುರುತು ಸಿಗುತ್ತೆ ಅನ್ನೋ ಭಯ ಇರುತ್ತದೆ. ಹೊರಗಿನವರೊಬ್ಬರನ್ನು ಕೂರಿಸಿ ಬಾಯಲ್ಲಿ ಕೇಳಿಸಿ, ಹತ್ತು ಪ್ರಶ್ನೆ ಸಾಕು. ಲೈನ್ ನಂಬರ್ ಮಾತ್ರ ಬರೆದುಕೊಳ್ಳಲಿ.