ಗಾಯದ ಸೀಸನ್: ಫಿಸಿಯೋ ಮೇಡಂ ಹತ್ತಿರ ಕೇಳಿ

ಅಡ್ಮಿನ್: ಹೋದ ವಾರ ಟೆನಿಸ್ ಆಟಗಾರ ನಡಾಲ್ ಆಡಿದ 2022ರ ಸೀಸನ್ ಬಗ್ಗೆ ಮಾತು ಶುರುವಾಯಿತು. ಕೊನೆಗೆ ಎಲ್ಲರೂ ತಮ್ಮ ತಮ್ಮ ಮೊಣಕೈ ನೋವು ಹೇಳಿಕೊಂಡು ಮುಗಿಸಿದಿರಿ. ಅದಕ್ಕೇ ನಮ್ಮ ಗುಂಪಿನ ಫಿಸಿಯೋ ಮೇಡಂ ಇವತ್ತು ಉತ್ತರ ಕೊಡಲು ಒಪ್ಪಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಫಿಸಿಯೋ: ಎಲ್ಲರಿಗೂ ನಮಸ್ಕಾರ. ಟೆನಿಸ್ ಆಡುವವರ ಮೈಕೈ ನೋಡುವುದೇ ನನ್ನ ಕೆಲಸ, ಹದಿನಾಲ್ಕು ವರ್ಷವಾಯಿತು. ನಾನು ಡಾಕ್ಟರ್ ಅಲ್ಲ, ಮಾತ್ರೆಯ ಹೆಸರು ಕೇಳಬೇಡಿ. ಮೆಸೇಜ್ ಓದಿ ಇದು ಇಂಥದ್ದೇ ನೋವು ಅಂತ ಹೇಳಲು ಆಗುವುದಿಲ್ಲ. ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು ಅಂತ ಹೇಳಬಲ್ಲೆ. ಕೇಳಿ.

ಕ್ಲೇ ಕೋರ್ಟ್: ಮೇಡಂ, ನಡಾಲ್‌ಗೆ ಆ ಒಂದು ವರ್ಷದಲ್ಲಿ ಅಷ್ಟು ಗಾಯ ಯಾಕಾಯಿತು? ಆದರೂ ಎರಡು ಗ್ರ್ಯಾಂಡ್ ಸ್ಲಾಮ್ ಹೇಗೆ ಗೆದ್ದರು?

ಫಿಸಿಯೋ: ಎಲ್ಲವನ್ನೂ ಒಂದೇ ಮೂಟೆಗೆ ಕಟ್ಟಬೇಡಿ. ಅವು ಮೂರು ಬೇರೆ ಬೇರೆ ಜಾತಿಯ ಗಾಯ. ಪಾದದ್ದು ಹಳೆಯದು, ಮುಲ್ಲರ್ ವೈಸ್ ಅಂತಾರೆ. ಪಾದದ ನಡುವೆ ಇರುವ ನ್ಯಾವಿಕ್ಯುಲರ್ ಅನ್ನೋ ಮೂಳೆ ನಿಧಾನವಾಗಿ ಕುಸಿಯುತ್ತದೆ. 2021ರ ಆಗಸ್ಟ್‌ನಲ್ಲೇ ಅವರ ಸೀಸನ್ ಮುಗಿಸಿದ್ದು ಇದೇ ಪಾದ. ಎರಡನೆಯದು ಪಕ್ಕೆಲುಬು. 2022ರಲ್ಲಿ ಆಸ್ಟ್ರೇಲಿಯನ್ ಓಪನ್ ಸೇರಿ ಸತತ 20 ಪಂದ್ಯ ಗೆದ್ದು, ಇಂಡಿಯನ್ ವೆಲ್ಸ್ ಟೂರ್ನಿಯ ಫೈನಲ್‌ನಲ್ಲಿ ಫ್ರಿಟ್ಜ್ ಎದುರು ಸೋತರಲ್ಲ, ಆಗ ಪಕ್ಕೆಲುಬಿನಲ್ಲಿ ಬಿರುಕು ಬಿಟ್ಟಿತ್ತು. ಇದು ಬಿದ್ದು ಮುರಿದದ್ದಲ್ಲ, ಮೂಳೆ ದಣಿದು ಬಿಟ್ಟ ಬಿರುಕು. ಮೂರನೆಯದು ವಿಂಬಲ್ಡನ್‌ನಲ್ಲಿ ಹೊಟ್ಟೆಯ ಸ್ನಾಯು ಹರಿದದ್ದು. 7 ಮಿಲಿಮೀಟರ್ ಅಂತ ಆಗ ಸುದ್ದಿಯಾಗಿತ್ತು.

ಪ್ಯಾರಿಸ್‌ನ ಫ್ರೆಂಚ್ ಓಪನ್‌ನಲ್ಲಿ ಪಾದದ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ತಗೊಂಡು ಆಡಿದರು. ಗೆದ್ದ ದಿನವೇ, ಹೀಗೇ ಮುಂದುವರಿಯಲು ನನಗೆ ಇಷ್ಟವಿಲ್ಲ ಅಂತಲೂ ಹೇಳಿದರು. ಕಪ್ ಹಿಡಿದ ಫೋಟೋ ಎಲ್ಲರಿಗೂ ನೆನಪಿದೆ. ಈ ಮಾತು ಯಾರಿಗೂ ನೆನಪಿಲ್ಲ.

ಬ್ಯಾಕ್‌ಹ್ಯಾಂಡ್ ಬಾಬು: ನನಗೆ ಟೆನಿಸ್ ಎಲ್ಬೋ. ನಾಲ್ಕು ತಿಂಗಳಾಯಿತು. ಇಂಜೆಕ್ಷನ್ ತಗೊಳ್ಳಲಾ?

ಫಿಸಿಯೋ: ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳು ಮೊಣಕೈಯ ಹೊರಬದಿಗೆ ಬಂದು ಅಂಟಿಕೊಂಡಿರುತ್ತವೆ. ನೋವು ಅಲ್ಲಿ. ಹೆಸರು ಟೆನಿಸ್ ಎಲ್ಬೋ ಆದರೂ, ಇದು ಬಂದವರಲ್ಲಿ ಜಾಸ್ತಿ ಜನ ರಾಕೆಟ್ ಮುಟ್ಟಿದವರೇ ಅಲ್ಲ. ಸ್ಟೆರಾಯ್ಡ್ ಇಂಜೆಕ್ಷನ್ ತಗೊಂಡರೆ ಕೆಲವು ವಾರ ಸ್ವರ್ಗ. ಆದರೆ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ವರ್ಷದ ಕೊನೆಗೆ ಇಂಜೆಕ್ಷನ್ ತಗೊಂಡವರೇ ಹಿಂದೆ ಉಳಿದಿದ್ದಾರೆ. ಆಟ ಪೂರ್ತಿ ನಿಲ್ಲಿಸಬೇಡಿ, ಕಡಿಮೆ ಮಾಡಿ. ಹಗುರ ತೂಕ ಹಿಡಿದು ಮಣಿಕಟ್ಟನ್ನು ನಿಧಾನವಾಗಿ ಇಳಿಸುವ ವ್ಯಾಯಾಮ ಕಲಿಯಿರಿ. ತಿಂಗಳುಗಳೇ ಹಿಡಿಯುತ್ತದೆ. ಬ್ಯಾಕ್‌ಹ್ಯಾಂಡ್‌ನಲ್ಲಿ ಚೆಂಡನ್ನು ತಡವಾಗಿ ಹೊಡೆಯುತ್ತಿದ್ದೀರಾ ಅಂತ ಕೋಚ್ ಹತ್ತಿರ ತೋರಿಸಿಕೊಳ್ಳಿ.

ವೀಕೆಂಡ್ ಡಬಲ್ಸ್: ಮೇಡಂ, ನನಗೂ ಟೆನಿಸ್ ಎಲ್ಬೋ. ಏನು ಮಾಡಲಿ?

ಫಿಸಿಯೋ: ಮೇಲಿನ ಉತ್ತರ ಓದಿ.

ತಂತಿ ತಜ್ಞ: ರಾಕೆಟ್‌ಗೆ ಪಾಲಿಯೆಸ್ಟರ್ ಸ್ಟ್ರಿಂಗ್ ಹಾಕಿಸಿದ ಮೇಲೆ ಭುಜ ಹಿಡಿದುಕೊಂಡಿದೆ. ಸ್ಟ್ರಿಂಗ್ ಬಿಗಿಯುವ ಟೆನ್ಷನ್ ಎಷ್ಟು ಪೌಂಡ್ ಇಳಿಸಲಿ?

ಎಡಗೈ ಆಟಗಾರ: ಇಂಜೆಕ್ಷನ್ ತಗೊಂಡು ಆಡಿದರೆ ಅದು ಡೋಪಿಂಗ್ ಅಲ್ವಾ? ನಾನು ಆಡಿದರೆ ಮೋಸ, ನಡಾಲ್ ಆಡಿದರೆ ಛಲ!

ಫಿಸಿಯೋ: ಅಲ್ಲ. ಮರಗಟ್ಟಿಸುವ ಔಷಧಿ ನಿಷೇಧದ ಪಟ್ಟಿಯಲ್ಲಿಲ್ಲ. ಸ್ಟೆರಾಯ್ಡ್ ಇಂಜೆಕ್ಷನ್ ಕಥೆ ಬೇರೆ. ಗ್ಲೂಕೋಕಾರ್ಟಿಕಾಯ್ಡ್ ಅನ್ನೋ ಗುಂಪಿನ ಇಂಜೆಕ್ಷನ್ ಯಾವುದೇ ಆಗಲಿ, ಮೈಯಲ್ಲಿ ಎಲ್ಲಿಗೇ ಚುಚ್ಚಿರಲಿ, 2022ರ ಜನವರಿ 1ರಿಂದ ಸ್ಪರ್ಧೆಯ ಹೊತ್ತಿನಲ್ಲಿ ನಿಷಿದ್ಧ. ಬೇಕೇ ಬೇಕಿದ್ದರೆ ವೈದ್ಯಕೀಯ ವಿನಾಯಿತಿ ಕೇಳಬೇಕು. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಹುಲ್ಲಿನಂಗಳ: ಡೋಪಿಂಗ್ ಬಿಡಿ, ನಾಟಕದ ಬಗ್ಗೆ ಮಾತಾಡಿ. ಹೊಟ್ಟೆ ಹರಿದವನು ಫ್ರಿಟ್ಜ್ ಜೊತೆ ಐದು ಸೆಟ್ ಆಡಿ ಟೈಬ್ರೇಕ್ ಗೆಲ್ಲುತ್ತಾನಾ? ಮಾರನೇ ದಿನ ಸೆಮಿಫೈನಲ್‌ನಿಂದ ಹಿಂದೆ ಸರಿದ. ಕಿರಿಯೋಸ್‌ಗೆ ಪುಕ್ಕಟೆ ಫೈನಲ್.

ಕ್ಲೇ ಕೋರ್ಟ್: ನಾಟಕ ಆಡುವವನು ಗ್ರ್ಯಾಂಡ್ ಸ್ಲಾಮ್ ಸೆಮಿಫೈನಲ್ ಬಿಟ್ಟು ಕೊಡುತ್ತಾನಾ? ಸ್ವಲ್ಪ ಯೋಚಿಸಿ ಬರೆಯಿರಿ.

ಹುಲ್ಲಿನಂಗಳ: ಜೊಕೊವಿಚ್ ಮೆಡಿಕಲ್ ಟೈಮ್‌ಔಟ್ ತಗೊಂಡರೆ ನೀವೇ ನಾಟಕ ಅಂತ ಬೊಬ್ಬೆ ಹೊಡೆದಿರಿ.

ಕ್ಲೇ ಕೋರ್ಟ್: ನಾನು ಹಾಗೆ ಬರೆದೇ ಇಲ್ಲ. ತೋರಿಸಿ.

ಹುಲ್ಲಿನಂಗಳ: ಡಿಲೀಟ್ ಮಾಡಿದ್ದನ್ನು ಎಲ್ಲಿಂದ ತೋರಿಸಲಿ?

ಎಡಗೈ ಆಟಗಾರ: 2024ರಲ್ಲಿ ಜೊಕೊವಿಚ್ ಜೂನ್‌ನಲ್ಲಿ ಮಂಡಿ ಆಪರೇಷನ್ ಮಾಡಿಸಿಕೊಂಡು ಜುಲೈನಲ್ಲಿ ವಿಂಬಲ್ಡನ್ ಫೈನಲ್, ಆಗಸ್ಟ್‌ನಲ್ಲಿ ಒಲಿಂಪಿಕ್ಸ್ ಚಿನ್ನ. ಅದು ಹೇಗೆ ಅಂತ ಯಾರೂ ಕೇಳಲ್ಲ.

ಫಿಸಿಯೋ: ಮಂಡಿಯೊಳಗೆ ಮೆತ್ತೆಯಂತಿರುವ ಮೆನಿಸ್ಕಸ್ ಹರಿದಾಗ ಆ ತುಣುಕನ್ನು ಕತ್ತರಿಸಿ ತೆಗೆದರೆ ವಾರಗಳ ಲೆಕ್ಕ, ಹೊಲಿದರೆ ತಿಂಗಳುಗಳ ಲೆಕ್ಕ. ಬರೀ ಆಪರೇಷನ್ ಅನ್ನೋ ಪದ ಹಿಡಿದು ಲೆಕ್ಕ ಹಾಕಬೇಡಿ. ಮೆಡಿಕಲ್ ಟೈಮ್‌ಔಟ್ ಜಗಳ ಬೇರೆ ಕಡೆ ಆಡಿ.

ಒಬ್ಬ ಅಪ್ಪ: ಮೇಡಂ, ಮಗಳಿಗೆ ಹದಿನೈದು ವರ್ಷ. ಜೂನಿಯರ್ ಟೂರ್ನಿ ಆಡುತ್ತಾಳೆ. ಆರು ವಾರದಿಂದ ಸೊಂಟದ ಹತ್ತಿರ ಎಡಗಡೆ ನೋವು. ಸರ್ವ್ ಮಾಡುವಾಗ ಜಾಸ್ತಿ, ಚೆಂಡು ಎತ್ತರಕ್ಕೆ ಪುಟಿಯುವ ಕಿಕ್ ಸರ್ವ್ ಮಾಡಿದರಂತೂ ಮುಖ ಕಿವುಚುತ್ತಾಳೆ. ಮುಂದಕ್ಕೆ ಬಗ್ಗಿದರೆ ಏನೂ ಇಲ್ಲ. ಎಕ್ಸ್‌ರೇ ನಾರ್ಮಲ್ ಬಂತು. ಮಸಲ್ ಹಿಡಿದಿದೆ, ಆಡ್ತಾ ಆಡ್ತಾ ಬಿಡುತ್ತದೆ ಅಂತಾರೆ ಕೋಚ್. ಪಂದ್ಯಕ್ಕೆ ಮೊದಲು ನೋವಿನ ಮಾತ್ರೆ ಕೊಟ್ಟರೆ ಆಡಿಬಿಡುತ್ತಾಳೆ. ಮೂರು ವಾರದೊಳಗೆ ಎರಡು ಟೂರ್ನಿ ಇದೆ. ನಡಾಲ್ ಆಡಲಿಲ್ವಾ ಅಪ್ಪ ಅಂತ ಅವಳೇ ಕೇಳುತ್ತಾಳೆ. ಆಡಿಸಬಹುದಾ?

ಫಿಸಿಯೋ: ಉಳಿದವರು ಸ್ವಲ್ಪ ಕಾಯಿರಿ, ಇದಕ್ಕೆ ಉದ್ದ ಬರೆಯಬೇಕು.

ಸರ್, ಆಡಿಸಬೇಡಿ. ಇವತ್ತಿನಿಂದಲೇ ಸರ್ವ್ ನಿಲ್ಲಿಸಿ.

ನೀವು ಬರೆದಿದ್ದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇಷ್ಟು: ಬೆಳೆಯುವ ವಯಸ್ಸು, ಒಂದೇ ಕಡೆ ನೋವು, ಹಿಂದಕ್ಕೆ ಬಾಗಿದಾಗ ಜಾಸ್ತಿ, ಆರು ವಾರವಾದರೂ ಹೋಗಿಲ್ಲ. ಬೆನ್ನೆಲುಬಿನ ಪ್ರತಿ ಮೂಳೆಯ ಹಿಂಭಾಗದಲ್ಲಿ ಎರಡೂ ಪಕ್ಕ ಸಣ್ಣ ಸೇತುವೆಯಂಥ ಭಾಗವಿರುತ್ತದೆ. ಪಾರ್ಸ್ ಅಂತಾರೆ. ಕಿಕ್ ಸರ್ವ್‌ನಲ್ಲಿ ಬೆನ್ನು ಹಿಂದಕ್ಕೆ ಬಾಗುತ್ತದೆ, ಪಕ್ಕಕ್ಕೆ ವಾಲುತ್ತದೆ, ಮೇಲಿಂದ ತಿರುಗುತ್ತದೆ, ಮೂರೂ ಒಂದೇ ಏಟಿಗೆ. ದಿನಕ್ಕೆ ನೂರು ಸಲ ಅಂದರೆ ಆ ಸೇತುವೆ ದಣಿಯುತ್ತದೆ. ತಂತಿಯನ್ನು ಅದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದ ಹಾಗೆ. ಮೊದಲು ಮೂಳೆಯೊಳಗೆ ನೀರು ತುಂಬಿಕೊಳ್ಳುತ್ತದೆ, ಆಮೇಲೆ ಬಿರುಕು. ಇವಳಿಗೆ ಅದೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಅದಲ್ಲ ಅಂತ ಖಚಿತವಾಗುವವರೆಗೆ ಅದೇ ಅಂದುಕೊಂಡು ನಡೆಯಬೇಕು, ಅಷ್ಟೇ.

ಎಕ್ಸ್‌ರೇ ನಾರ್ಮಲ್ ಅಂತ ಸಮಾಧಾನ ಬೇಡ. ಶುರುವಿನ ಹಂತ ಎಕ್ಸ್‌ರೇಗೆ ಕಾಣದೇ ಇರಬಹುದು, ಎಂಆರ್‌ಐಗೆ ಸಿಗುತ್ತದೆ. ಮೂಳೆ ಡಾಕ್ಟರ್ ಅಥವಾ ಕ್ರೀಡಾ ವೈದ್ಯರ ಹತ್ತಿರ ಹೋಗಿ, ಪಾರ್ಸ್ ಒತ್ತಡದ ಗಾಯ ಇರಬಹುದಾ ಅಂತ ಬಾಯಿ ಬಿಟ್ಟು ಕೇಳಿ. ಬೇಗ ಸಿಕ್ಕಿದರೆ ಈ ಮೂಳೆ ಚೆನ್ನಾಗಿ ಕೂಡಿಕೊಳ್ಳುತ್ತದೆ. ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸು, ಕೆಲವರಿಗೆ ಜಾಸ್ತಿ. ಬಿರುಕು ಪೂರ್ತಿಯಾಗಿ ಹಳೆಯದಾದರೆ ಕೂಡಿಕೊಳ್ಳುವ ಸಾಧ್ಯತೆ ಕಡಿಮೆಯಾಗುತ್ತದೆ. ಎರಡು ಟೂರ್ನಿ ಆಡಿಸಿ ಆಮೇಲೆ ನೋಡೋಣ ಅನ್ನುವುದರ ಬೆಲೆ ಇದು.

ನೋವಿನ ಮಾತ್ರೆ ನಿಲ್ಲಿಸಿ. ಅವಳ ಬೆನ್ನು ನಿಮಗೆ ಹೇಳುತ್ತಿರುವುದು ಆ ನೋವಿನ ಮೂಲಕವೇ. ಇನ್ನೊಂದು. ಊಟ ಕಡಿಮೆ ಮಾಡಿದ್ದಾಳಾ, ಮುಟ್ಟು ತಪ್ಪುತ್ತಿದೆಯಾ ಅಂತ ಅವಳ ಅಮ್ಮ ಮೆಲ್ಲಗೆ ಕೇಳಲಿ. ಉತ್ತರ ಇಲ್ಲಿ ಬರೆಯಬೇಡಿ, ಡಾಕ್ಟರಿಗೆ ಹೇಳಿ. ಮೈ ಖರ್ಚು ಮಾಡುವ ಶಕ್ತಿಗೆ ತಕ್ಕಷ್ಟು ತಿನ್ನದ ಹುಡುಗಿಯರಲ್ಲಿ ಮೂಳೆ ಬೇಗ ಸೋಲುತ್ತದೆ. ಕಾಲು ಜೋಮು ಹಿಡಿಯುವುದು, ಬಲ ಕಡಿಮೆಯಾಗುವುದು, ಜ್ವರ, ರಾತ್ರಿ ಎಬ್ಬಿಸುವ ನೋವು, ಮೂತ್ರದ ಹಿಡಿತ ತಪ್ಪುವುದು, ಇವುಗಳಲ್ಲಿ ಯಾವುದಿದ್ದರೂ ಇವತ್ತೇ ಆಸ್ಪತ್ರೆಗೆ ಹೋಗಿ.

ನಡಾಲ್ ಮಾತು ಅವಳಿಗೆ ಹೀಗೆ ಹೇಳಿ. ಅವರಿಗೆ ಆಗ 36. ವರ್ಷಗಳಿಂದ ಗೊತ್ತಿದ್ದ ಕಾಯಿಲೆ. ಸ್ಕ್ಯಾನ್ ಆಗಿತ್ತು, ಪಕ್ಕದಲ್ಲಿ ಡಾಕ್ಟರ್ ಇದ್ದರು. ಏನು ಕಳೆದುಕೊಳ್ಳಬಹುದು ಅಂತ ತಿಳಿದು ಚುಚ್ಚಿಸಿಕೊಂಡರು. ಇವಳಿಗೆ ಗಾಯದ ಹೆಸರೂ ಗೊತ್ತಿಲ್ಲ.

ಒಬ್ಬ ಅಪ್ಪ: ತುಂಬಾ ಧನ್ಯವಾದ ಮೇಡಂ. ಆದರೆ ಮೊದಲ ಟೂರ್ನಿಗೆ ಹೆಸರು ಕೊಟ್ಟಾಗಿದೆ. ಸರ್ವ್ ಮೆತ್ತಗೆ ಮಾಡಿಸಿ ಅದೊಂದನ್ನು ಆಡಿಸಲಾ?

ಫಿಸಿಯೋ: ಬೇಡ.

ಶುಭೋದಯ ಬಳಗ: ಫಾರ್ವರ್ಡ್ ಆಗಿ ಬಂದದ್ದು: ಬೆನ್ನು ನೋವಿಗೆ ನಾಲ್ಕೇ ದಿನದಲ್ಲಿ ಮುಕ್ತಿ! ಬಿಸಿ ಎಣ್ಣೆ ತಿಕ್ಕಿ, ಬೋರಲು ಮಲಗಿ, ಬೆನ್ನನ್ನು ಆದಷ್ಟು ಹಿಂದಕ್ಕೆ ಬಗ್ಗಿಸಿ ಲಟಕ್ ಅನ್ನುವವರೆಗೆ ಹಿಡಿಯಿರಿ. ಡಾಕ್ಟರುಗಳು ಹೇಳದ ಸತ್ಯ. ಹತ್ತು ಜನಕ್ಕೆ ಕಳಿಸಿ.

ಫಿಸಿಯೋ: ಆ ಅಪ್ಪ ದಯವಿಟ್ಟು ಇದನ್ನು ಮಾಡಿಸಬೇಡಿ. ಹಿಂದಕ್ಕೆ ಬಗ್ಗಿಸಿದರೆ ನೋವು ಅಂತ ಈಗಷ್ಟೇ ಬರೆದಿದ್ದಾರೆ. ಅದನ್ನೇ ಲಟಕ್ ಅನ್ನುವವರೆಗೆ ಬಗ್ಗಿಸಿ ಅಂತ ನೀವು ಕಳಿಸಿದ್ದೀರಿ. ಮೇಲಿನದನ್ನು ಓದಿದಿರಾ?

ಶುಭೋದಯ ಬಳಗ: ನಮ್ಮ ದೊಡ್ಡಪ್ಪನಿಗೆ ಗುಣವಾಗಿದೆ ಮೇಡಂ. ಸುಮ್ನೆ ಎಲ್ಲದಕ್ಕೂ ಎಂಆರ್‌ಐ ಅಂದರೆ ಹೇಗೆ? ಇನ್ನೊಂದು ಸ್ಪ್ರೇ ಇದೆ, ಗಾಯಕ್ಕೆ ಹೊಡೆದರೆ ಎರಡೇ ದಿನ. ಹೊರದೇಶದ್ದು. ಫೋಟೋ ಹಾಕುತ್ತೇನೆ.

ಫಿಸಿಯೋ: ಹಾಕಬೇಡಿ. ಸ್ಪ್ರೇ ಕಥೆ ಗೊತ್ತಿಲ್ಲದಿದ್ದರೆ ಕೇಳಿ. 2024ರ ಮಾರ್ಚ್‌ನಲ್ಲಿ ಟೆನಿಸ್ ಆಟಗಾರ ಯಾನಿಕ್ ಸಿನ್ನರ್ ಮೂತ್ರದಲ್ಲಿ ಕ್ಲೋಸ್ಟೆಬಾಲ್ ಅನ್ನೋ ನಿಷಿದ್ಧ ಸ್ಟೆರಾಯ್ಡ್ ಸಿಕ್ಕಿತು. ಇಟಲಿಯಲ್ಲಿ ಅಂಗಡಿಯಲ್ಲೇ ಸಿಗುವ, ಗಾಯಕ್ಕೆ ಹೊಡೆಯುವ ಸ್ಪ್ರೇನಲ್ಲಿ ಆ ಸ್ಟೆರಾಯ್ಡ್ ಇತ್ತು. ಫಿಟ್‌ನೆಸ್ ಕೋಚ್ ತಂದಿದ್ದರು, ಫಿಸಿಯೋ ತನ್ನ ಬೆರಳಿನ ಗಾಯಕ್ಕೆ ಹೊಡೆದುಕೊಂಡು ಅದೇ ಕೈಯಲ್ಲಿ ಸಿನ್ನರ್‌ಗೆ ಮಸಾಜ್ ಮಾಡಿದರು. ಸಿನ್ನರ್ ತಪ್ಪಿಲ್ಲ ಅಂತ ಮೊದಲ ವಿಚಾರಣೆಯಲ್ಲಿ ತೀರ್ಮಾನವಾಯಿತು. ಡೋಪಿಂಗ್ ತಡೆಯುವ ಜಾಗತಿಕ ಸಂಸ್ಥೆ ವಾಡಾ ಮೇಲ್ಮನವಿ ಹಾಕಿದ ಮೇಲೆ 2025ರಲ್ಲಿ ಒಪ್ಪಂದವಾಗಿ ಮೂರು ತಿಂಗಳು ಹೊರಗೆ ಕೂತರು. ಗಾಯವಾದದ್ದು ಬೇರೆಯವರ ಬೆರಳಿಗೆ. ಹದಿನೈದರ ಹುಡುಗಿಗೆ ಹೆಸರು ತಿಳಿಯದ ಸ್ಪ್ರೇ ಹೊಡೆಯಿರಿ ಅನ್ನುತ್ತೀರಲ್ಲ!

ವೀಕೆಂಡ್ ಡಬಲ್ಸ್: ಸಿನ್ನರ್‌ಗೆ ಮೂರೇ ತಿಂಗಳು, ಚಿಕ್ಕ ಆಟಗಾರ ಆಗಿದ್ದರೆ ವರ್ಷಗಟ್ಟಲೆ.

ಹುಲ್ಲಿನಂಗಳ: ಹೌದು, ದೊಡ್ಡವರಿಗೊಂದು ನ್ಯಾಯ.

ಕ್ಲೇ ಕೋರ್ಟ್: ಶುರುವಾಯಿತು ಮತ್ತೆ.

ತಂತಿ ತಜ್ಞ: ನನ್ನ ಪ್ರಶ್ನೆ ಯಾರೂ ನೋಡಿಲ್ಲ ಅನಿಸುತ್ತದೆ. ಭುಜ, ಸ್ಟ್ರಿಂಗ್, ಟೆನ್ಷನ್.

ಹೊಸ ಸದಸ್ಯ: ನಮಸ್ತೆ ಡಾಕ್ಟ್ರೇ, ಟೆನಿಸ್ ಎಲ್ಬೋಗೆ ಪರಿಹಾರ ತಿಳಿಸಿ.

ಫಿಸಿಯೋ: ಮೇಲೆ ಇದೆ. ಡಾಕ್ಟರ್ ಅಲ್ಲ.

ರ‍್ಯಾಂಕಿಂಗ್ ರಾಯ: ಗಾಯವಾಗಿ ಮನೆಯಲ್ಲಿ ಕೂತವರ ರ‍್ಯಾಂಕಿಂಗ್ ಏನಾಗುತ್ತದೆ? ನಡಾಲ್ 2023 ಪೂರ್ತಿ ಆಡದೆ ವಾಪಸ್ ಬಂದು ದೊಡ್ಡ ಟೂರ್ನಿಗೆ ಹೇಗೆ ಸೇರಿಕೊಂಡರು?

ಫಿಸಿಯೋ: ಪೂರ್ತಿ ಅಲ್ಲ. ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಆಡುವಾಗ ಸೊಂಟದ ಸ್ನಾಯು ಹೋಯಿತು, ಅಲ್ಲಿಂದ ಮುಂದೆ ಆಡಲಿಲ್ಲ. ಪಾಯಿಂಟ್ 52 ವಾರ ಮಾತ್ರ ಬಾಳುತ್ತದೆ, ಆಮೇಲೆ ಉದುರುತ್ತದೆ. ಆರು ತಿಂಗಳಾದರೂ ಆಡದೆ ಇದ್ದ ಗಾಯಾಳುವಿಗೆ ಪುರುಷರ ಟೆನಿಸ್ ಸಂಸ್ಥೆ ಎಟಿಪಿ ರಕ್ಷಿತ ರ‍್ಯಾಂಕಿಂಗ್ ಕೊಡುತ್ತದೆ. ಗಾಯವಾದ ಮೊದಲ ಮೂರು ತಿಂಗಳ ಸರಾಸರಿ ಅದು. ಟೂರ್ನಿಗೆ ಸೇರಲು ಆಗುತ್ತದೆ, ಸೀಡಿಂಗ್, ಅಂದರೆ ಬಲವಾದ ಆಟಗಾರರು ಶುರುವಿನಲ್ಲೇ ಎದುರಾಗದಂತೆ ಕೊಡುವ ಸ್ಥಾನ, ಸಿಗುವುದಿಲ್ಲ. ಅದಕ್ಕೇ 2024ರಲ್ಲಿ ಫ್ರೆಂಚ್ ಓಪನ್‌ನ ಮೊದಲ ಸುತ್ತಿನಲ್ಲೇ ಅವರಿಗೆ ಬಲಿಷ್ಠ ಆಟಗಾರ ಜ್ವೆರೆವ್ ಎದುರಾದದ್ದು.

ಶುಭೋದಯ ಬಳಗ: ಮೇಡಂಗೆ ರ‍್ಯಾಂಕಿಂಗ್ ಬಗ್ಗೆ ಬರೆಯಲು ಟೈಮ್ ಇದೆ, ನಮ್ಮ ಅನುಭವ ಕೇಳಲು ಟೈಮ್ ಇಲ್ಲ.

ಫಿಸಿಯೋ: ಹೌದು, ಇಲ್ಲ.

ಎಡಗೈ ಆಟಗಾರ: ಇಷ್ಟು ಗಡಸಾಗಿ ಮಾತಾಡುವ ಅಗತ್ಯ ಇತ್ತಾ? ಅವರು ಒಳ್ಳೇ ಮನಸ್ಸಿನಿಂದ ಹಾಕಿದ್ದು.

ಒಬ್ಬ ಅಪ್ಪ: ದಯವಿಟ್ಟು ಜಗಳ ಬೇಡ. ನನಗೆ ಮೇಡಂ ಹೇಳಿದ್ದೇ ಉಪಕಾರವಾಯಿತು. ಟೂರ್ನಿಗೆ ಬರುವುದಿಲ್ಲ ಅಂತ ಮೇಲ್ ಕಳಿಸಿದೆ. ಮಗಳು ಮಾತು ಬಿಟ್ಟಿದ್ದಾಳೆ.

ಅಡ್ಮಿನ್: ಪ್ರಶ್ನೆ ಸಾಕು. ಶುಭೋದಯ ಬಳಗ ಒಂದು ವಾರ ಮ್ಯೂಟ್.

(ಒಂಬತ್ತು ದಿನದ ನಂತರ)

ಒಬ್ಬ ಅಪ್ಪ: ಮೇಡಂ, ಎಂಆರ್‌ಐ ಆಯಿತು. ಬೆನ್ನಿನ ಕೆಳಭಾಗದ ಐದನೇ ಮೂಳೆ, ಎಡಗಡೆ ಪಾರ್ಸ್‌ನಲ್ಲಿ ಊತ. ಬಿರುಕಿನ ಗೆರೆ ಇಲ್ಲ. ಹನ್ನೆರಡು ವಾರ ಆಟ ಬೇಡ, ಆಮೇಲೆ ಮತ್ತೆ ನೋಡೋಣ ಅಂದರು ಡಾಕ್ಟರ್.

ಫಿಸಿಯೋ: ಇದಕ್ಕಿಂತ ಒಳ್ಳೇ ರಿಪೋರ್ಟ್ ನಾನು ನಿರೀಕ್ಷಿಸಿರಲಿಲ್ಲ. ಬೇಗ ಸಿಕ್ಕಿದೆ. ಡಾಕ್ಟರ್ ಹೇಳಿದಂತೆ ಮಾಡಿ. ಹೊಟ್ಟೆ, ತೊಡೆಯ ವ್ಯಾಯಾಮ ಯಾವಾಗ ಶುರು ಅಂತ ಅವರನ್ನೇ ಕೇಳಿ. ಮರಳುವಾಗ ಮೊದಲು ಫೋರ್‌ಹ್ಯಾಂಡ್, ಬ್ಯಾಕ್‌ಹ್ಯಾಂಡ್. ಸರ್ವ್ ಆಮೇಲೆ, ಎಣಿಸಿ ಎಣಿಸಿ. ಕಿಕ್ ಸರ್ವ್ ಎಲ್ಲಕ್ಕಿಂತ ಕೊನೆಗೆ.

ವೀಕೆಂಡ್ ಡಬಲ್ಸ್: ಮೇಡಂ, ಟೆನಿಸ್ ಎಲ್ಬೋಗೆ ಯಾವ ಬ್ಯಾಂಡ್ ಒಳ್ಳೇದು?

ಒಬ್ಬ ಅಪ್ಪ: ಆಂಟಿ, ನಾನು ಅಪ್ಪನ ಫೋನಿಂದ ಬರೀತಿದ್ದೀನಿ. ಹನ್ನೆರಡು ವಾರ ಏನೂ ಮಾಡಬಾರದಾ? ಸರ್ವ್‌ಗೆ ಚೆಂಡು ಮೇಲೆಸೆಯುವ ಟಾಸ್ ಪ್ರಾಕ್ಟೀಸ್ ಮಾತ್ರ ಮಾಡಬಹುದಾ?

ಫಿಸಿಯೋ: ಡಾಕ್ಟರ್ ಬೇಡ ಅನ್ನದಿದ್ದರೆ, ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತು ಮಾಡು ಪುಟ್ಟಾ. ನೋವು ಬಂದರೆ ನಿಲ್ಲಿಸು. ರಾಕೆಟ್ ಅಪ್ಪನ ಹತ್ತಿರ ಇರಲಿ.