46ರ ವಯಸ್ಸಿನಲ್ಲಿ ಮೊದಲ ಕ್ರಾಸ್ ಕಂಟ್ರಿ: ಪೇಸ್ ಎಷ್ಟು ಇಟ್ಕೊಳ್ಳಲಿ?

ಕೊಪ್ಪಳದ ಓಟಗಾರ:
ಎಲ್ಲರಿಗೂ ನಮಸ್ಕಾರ. ನನಗೀಗ 46. ರಸ್ತೆಯಲ್ಲಿ 10 ಕಿ.ಮೀ. ಓಡೋಕೆ ಸುಮಾರು 52 ನಿಮಿಷ ಬೇಕು. ಈ ಚಳಿಗಾಲದಲ್ಲಿ ಮಾಸ್ಟರ್ಸ್ (35 ದಾಟಿದವರ) ವಿಭಾಗದ 8 ಕಿ.ಮೀ. ಕ್ರಾಸ್ ಕಂಟ್ರಿ, ಅಂದ್ರೆ ರಸ್ತೆ ಬಿಟ್ಟು ಹೊಲ, ಹುಲ್ಲು, ದಿಬ್ಬದ ಮೇಲಿನ ರೇಸ್, ಓಡಬೇಕು ಅಂತ ಬಹಳ ಆಸೆ ಇದೆ. ಆದರೆ ಹೊಲದ ದಾರಿಗೆ ಇಳಿದರೆ ನನ್ನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ರಸ್ತೆಯಲ್ಲಿ ಕಿಲೋಮೀಟರಿಗೆ ಆರು ನಿಮಿಷದಂತೆ ಮಾತಾಡ್ತಾ ಓಡುತ್ತೇನೆ, ಅದೇ ಪೇಸಿಗೆ ಹೊಲದಲ್ಲಿ ಏದುಸಿರು ಬರುತ್ತದೆ, ಮರುದಿನ ಮೀನಖಂಡ ಕಲ್ಲಿನಂತೆ ಬಿಗಿದಿರುತ್ತದೆ. ರೇಸಿನಲ್ಲಿ ಪೇಸ್ ಎಷ್ಟು ಇಟ್ಕೊಳ್ಳಲಿ? ಸ್ಪೈಕ್ಸ್ (ತಳದಲ್ಲಿ ಮೊಳೆ ಇರೋ ಶೂ) ತಗೋಬೇಕಾ? ಓಡಿದವರು ಹೇಳಿ.

ಎಡದಂಡೆ ಸಿಂಧನೂರು:
ಸರ್, ಮೊದಲು ಆ ವಾಚ್ ನೋಡೋದು ಬಿಡಿ. ಒಂದು ಕಡೆ ಹುಲ್ಲು, ಇನ್ನೊಂದು ಕಡೆ ಮರಳು, ಮತ್ತೊಂದು ಕಡೆ ಕೆಸರು, ಒಂದು ಕೋರ್ಸ್ ಇದ್ದಂಗೆ ಇನ್ನೊಂದು ಇರೋದಿಲ್ಲ. ಅದಕ್ಕೇ ಕ್ರಾಸ್ ಕಂಟ್ರಿಗೆ ವಿಶ್ವ ದಾಖಲೆ ಅಂತಾನೇ ಇಲ್ಲ. ಇಲ್ಲಿ ಲೆಕ್ಕಕ್ಕೆ ಬರೋದು ನೀವು ಎಷ್ಟನೆಯವರಾಗಿ ಬಂದ್ರಿ ಅನ್ನೋದು ಮಾತ್ರ. ತಂಡದ ಫಲಿತಾಂಶಕ್ಕೂ ಓಟಗಾರರ ಸ್ಥಾನಗಳನ್ನೇ ಕೂಡಿಸುತ್ತಾರೆ, ಮೊತ್ತ ಕಡಿಮೆ ಬಂದ ತಂಡ ಗೆಲ್ಲುತ್ತದೆ.

ಪೇಸ್ ಬದಲು ಉಸಿರು ನೋಡಿ. ಮೊದಲರ್ಧದಲ್ಲಿ ಮೂರ್ನಾಲ್ಕು ಪದ ಆಡೋಕೆ ಆಗುವಷ್ಟು ಉಸಿರು ಉಳಿದಿರಬೇಕು. ದಾರಿ ಮುಂದೆ ಕಿರಿದಾಗುತ್ತೆ ಅಂತ ಶುರುವಿನಲ್ಲಿ ಎಲ್ಲರೂ ನುಗ್ಗುತ್ತಾರೆ, ನುಗ್ಗಲಿ ಬಿಡಿ. ವಯಸ್ಸಾದಂತೆ ಹೃದಯ ಬಡಿತದ ಗರಿಷ್ಠ ಮಟ್ಟ ಇಳಿಯುತ್ತಾ ಹೋಗುತ್ತದೆ, 20ರ ಹುಡುಗನ ಹಾಗೆ ಒಮ್ಮೆ ಜೋರಾಗಿ ಓಡಿ ಓಡುತ್ತಲೇ ಸುಧಾರಿಸ್ಕೊಳ್ಳೋಕೆ ನಮಗೆ ಆಗಲ್ಲ. ಏರು ಬಂದಾಗ ವೇಗ ಇಳಿದರೂ ಪರವಾಗಿಲ್ಲ, ಹೆಜ್ಜೆ ಚಿಕ್ಕದು ಮಾಡಿ, ಶ್ರಮ ಅಷ್ಟೇ ಇರಲಿ. ದಿಬ್ಬದ ತುದಿ ಮುಟ್ಟಿದ ಕೂಡಲೇ ಬಹಳ ಜನ ಉಸ್ಸಪ್ಪಾ ಅಂತ ಸಡಿಲ ಬಿಡುತ್ತಾರೆ. ನೀವು ಅಲ್ಲಿಂದ ಮೂವತ್ತು ನಲವತ್ತು ಹೆಜ್ಜೆ ಬಿಡದೆ ಓಡಿ, ಮುಂದಿನ ಇಬ್ಬರು ಮೂವರು ಅಲ್ಲೇ ಸಿಗುತ್ತಾರೆ.

ನಾನು ಅಭ್ಯಾಸ ಮಾಡೋದು ತುಂಗಭದ್ರಾ ಕಾಲುವೆ ಏರಿ ಮೇಲೆ. ವಾರಕ್ಕೊಮ್ಮೆ ಮೂರು ನಿಮಿಷ ಜೋರು, ಎರಡು ನಿಮಿಷ ನಿಧಾನ, ಹೀಗೆ ಐದಾರು ಸಲ. ದೂರ ಅಳೆಯೋದೇ ಇಲ್ಲ. ಅದಾದ ಮೇಲೆ ಎರಡು ದಿನ ಜೋರು ಓಟ ಬೇಡ, ಈ ವಯಸ್ಸಿಗೆ ಅದು ಬೇಕೇ ಬೇಕು.

ಬಳ್ಳಾರಿ ಜಾಲಿ:
ಶೂ ಬಗ್ಗೆ ನಾನು ಹೇಳ್ತೀನಿ. ಸ್ಪೈಕ್ಸ್ ಈಗಲೇ ಬೇಡ ಸರ್. ನಮ್ಮ ಕಡೆ ಜನವರಿ ಹೊತ್ತಿಗೆ ನೆಲ ಒಣಗಿ ಗಟ್ಟಿಯಾಗಿರುತ್ತದೆ, ಮೊಳೆ ಇಳಿಯೋದೇ ಇಲ್ಲ. ಮೇಲಾಗಿ ಸ್ಪೈಕ್ಸಿನ ಹಿಮ್ಮಡಿ ತೆಳು, ನಿಮ್ಮ ಮೀನಖಂಡ ಈಗಾಗಲೇ ಬಿಗಿಯುತ್ತಿದೆ ಅಂದ್ರೆ ಅದು ಇನ್ನೂ ಜಗ್ಗುತ್ತದೆ. ತಳದಲ್ಲಿ ಒಳ್ಳೆ ಹಲ್ಲಿರುವ ಹಗುರ ಟ್ರೇಲ್ ಶೂ ಸಾಕು. ಹಲ್ಲುಗಳ ನಡುವೆ ಜಾಗ ಇರೋದನ್ನೇ ಆರಿಸಿ. ಮಳೆ ಬಿದ್ದ ಎರೆ ಹೊಲದಲ್ಲಿ ಓಡಿ ನೋಡಿ, ಹತ್ತು ಹೆಜ್ಜೆಗೆ ಶೂ ತಳಕ್ಕೆ ರೊಟ್ಟಿಯಷ್ಟು ಮಣ್ಣು ಮೆತ್ತಿಕೊಳ್ಳುತ್ತದೆ, ಒತ್ತೊತ್ತಾಗಿ ಹಲ್ಲಿದ್ದರೆ ಅದು ಉದುರೋದೇ ಇಲ್ಲ. ಲೇಸ್‌ಗೆ ಎರಡು ಗಂಟು ಹಾಕಿ, ಕೆಸರು ಶೂವನ್ನೇ ಕಿತ್ತುಕೊಳ್ಳುತ್ತದೆ. ಜಾಲಿ ಮುಳ್ಳು ತಳ ತೂರಿ ಒಳಗೆ ಬರುತ್ತದೆ, ಪ್ರತಿ ಓಟದ ನಂತರ ಇನ್‌ಸೋಲ್ ತೆಗೆದು ಕೈಯಾಡಿಸಿ ನೋಡಿ. ಬೇಸಿಗೆಯಲ್ಲಿ ಎರೆ ನೆಲ ಬಿರುಕು ಬಿಟ್ಟಿರುತ್ತದೆ, ಕಾಲು ಉಳುಕುತ್ತದೆ, ಆಗ ಮಸಾರಿ (ಕೆಂಪು ಮಣ್ಣಿನ) ದಾರಿಯಲ್ಲೇ ಓಡಿ.

ಗಂಗಾವತಿ ಅಕ್ಕ:
ಬಳ್ಳಾರಿಯವರ ಮಾತು ಅರ್ಧ ಒಪ್ಪುತ್ತೇನೆ. ಒದ್ದೆ ಹುಲ್ಲಿನ ಕೋರ್ಸ್ ಆದರೆ ಸ್ಪೈಕ್ಸಿನಷ್ಟು ಹಿಡಿತ ಬೇರೆ ಯಾವುದರಲ್ಲೂ ಸಿಗಲ್ಲ. ಅದಕ್ಕೆ ಮೊದಲು ಕಾಲು ತಯಾರಾಗಬೇಕು ಅಷ್ಟೇ. ಅಣ್ಣಾ, ಮನೆ ಮೆಟ್ಟಿಲ ಅಂಚಿನಲ್ಲಿ ಮುಂಗಾಲು ಊರಿ ನಿಲ್ಲಿ, ಎರಡೂ ಕಾಲಲ್ಲಿ ಮೇಲೇಳಿ, ಒಂದೇ ಕಾಲಲ್ಲಿ ನಿಧಾನ ಕೆಳಗಿಳಿಯಿರಿ. ದಿನ ಬಿಟ್ಟು ದಿನ, ಒಂದೊಂದು ಕಾಲಿಗೆ ಹದಿನೈದರಂತೆ ಮೂರು ಸುತ್ತು. ಎರಡು ಮೂರು ತಿಂಗಳು ಬಿಡದೆ ಮಾಡಬೇಕು. ಚುಚ್ಚುವಂಥ ನೋವು ಬಂದರೆ ನಿಲ್ಲಿಸಿ ಫಿಸಿಯೋಗೆ ತೋರಿಸಿ.

ಇಲ್ಲಿ ಓದುತ್ತಿರುವ ಹೆಣ್ಣುಮಕ್ಕಳಿಗೂ ಒಂದು ಮಾತು. ಮಾಸ್ಟರ್ಸ್ ಅಂದ್ರೆ 35ರಿಂದ ಶುರು, ಐದೈದು ವರ್ಷಕ್ಕೊಂದು ಗುಂಪು. ಐವತ್ತು ದಾಟಿದ ನಾನು ಮೂವತ್ತೈದರವರ ಜೊತೆ ಪೈಪೋಟಿ ಮಾಡಬೇಕಿಲ್ಲ. ನಮಗ್ಯಾಕೆ ಇಷ್ಟು ದೂರ ಅಂತ ಹಿಂಜರಿಯಬೇಡಿ. ವಿಶ್ವ ಕ್ರಾಸ್ ಕಂಟ್ರಿಯಲ್ಲಿ 2017ರ ಕಂಪಾಲಾ ಕೂಟದಿಂದ ಮಹಿಳೆಯರೂ ಗಂಡಸರಷ್ಟೇ 10 ಕಿ.ಮೀ. ಓಡುತ್ತಿದ್ದಾರೆ. ಆನೆಗೊಂದಿ ಕಡೆ ಗದ್ದೆ ಬದುವಿನ ಮೇಲೆ ಬೆಳಿಗ್ಗೆ ಓಡುವಾಗ ಎಷ್ಟು ಖುಷಿ ಆಗುತ್ತೆ ಅಂದ್ರೆ, ನೀವೂ ಬನ್ನಿ.

ಕೊಪ್ಪಳದ ಓಟಗಾರ:
ಎಲ್ಲರಿಗೂ ತುಂಬಾ ಧನ್ಯವಾದ, ಅಕ್ಕಾ ನಿಮಗೂ. ಮೆಟ್ಟಿಲ ವ್ಯಾಯಾಮ ಇವತ್ತೇ ಶುರು ಮಾಡಿದೆ. ಇನ್ನೊಂದೇ ಪ್ರಶ್ನೆ. ಇಳಿಜಾರಿನಲ್ಲಿ ಮೊಣಕಾಲಿಗೆ ಪೆಟ್ಟು ಬೀಳುತ್ತೆ, ಹೇಗೆ ಇಳಿಯಬೇಕು?

ಎಡದಂಡೆ ಸಿಂಧನೂರು:
ಹಿಂದಕ್ಕೆ ವಾಲಿ ಬ್ರೇಕ್ ಹಾಕಬೇಡಿ ಸರ್, ಪೆಟ್ಟು ಬೀಳೋದು ಅಲ್ಲೇ. ಮೈ ಸ್ವಲ್ಪ ಮುಂದಕ್ಕಿರಲಿ, ಹೆಜ್ಜೆ ಚಿಕ್ಕದಾಗಿ ಬೇಗ ಬೇಗ ಬೀಳಲಿ, ಕೈ ಅಗಲಿಸಿದರೆ ತೂಕ ಸರಿಯಾಗಿ ನಿಲ್ಲುತ್ತದೆ. ಕಣ್ಣು ಕಾಲ ಬುಡದಲ್ಲಲ್ಲ, ನಾಲ್ಕೈದು ಹೆಜ್ಜೆ ಮುಂದೆ ಇರಲಿ. ಮೊದಲು ಸಣ್ಣ ಇಳಿಜಾರಿನಲ್ಲಿ, ಅದೂ ಸುಸ್ತಾಗದೆ ಇರುವಾಗ ಅಭ್ಯಾಸ ಮಾಡಿ.