ಹಳೇ ಕಾರಿಗೆ ಹ್ಯಾಂಡ್ಸ್‌ಫ್ರೀ: ಹಾಕಿಸಿದವರು ಅನುಭವ ಹೇಳಿ

ಅಪ್ಪನ 2012ರ ಆಲ್ಟೋ ಈಗ ನನ್ನ ಕೈಗೆ ಬಂದಿದೆ. ವಾರಕ್ಕೊಮ್ಮೆ ಹಾಸನ–ಬೆಂಗಳೂರು ಓಡಾಟ. ಇರುವುದು ಬರೀ ರೇಡಿಯೋ, ಬ್ಲೂಟೂತ್ ಇಲ್ಲ. ಮನೆಯಿಂದ ಫೋನ್ ಬಂದರೆ ಕೈಗೆತ್ತಿಕೊಳ್ಳದೆ ಮಾತಾಡಲು ಏನು ಹಾಕಿಸಬಹುದು? ವೈರ್ ಕತ್ತರಿಸುವುದು ಅಂದರೆ ಭಯ.

—

ನಾನು ಮೊದಲು ಕೊಂಡಿದ್ದು ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸುವ ಎಫ್‌ಎಂ ಟ್ರಾನ್ಸ್‌ಮಿಟರ್. ಫೋನಿನ ದನಿಯನ್ನು ಖಾಲಿ ಇರುವ ಎಫ್‌ಎಂ ನಂಬರಿನಲ್ಲಿ ಕಾರಿನ ರೇಡಿಯೋಗೆ ಕಳಿಸುತ್ತದೆ. ಒಂದೂ ವೈರ್ ಮುಟ್ಟಬೇಕಿಲ್ಲ. ಊರಲ್ಲಿ ಚೆನ್ನಾಗಿತ್ತು. ನೆಲಮಂಗಲ ದಾಟಿದರೆ ಶುರು ಗೋಳು. 101.3ರಲ್ಲಿ ಕಾಮನಬಿಲ್ಲು, 102.9ರಲ್ಲಿ ವಿವಿಧ ಭಾರತಿ, ಉಳಿದ ಕಡೆ ಹೆಚ್ಚಾಗಿ ಖಾಸಗಿಯವರು. ಹೆಂಡತಿಯ ಮಾತಿನ ಮಧ್ಯೆ ಯಾವುದೋ ಹಾಡು ನುಗ್ಗುತ್ತಿತ್ತು. ಓಡಿಸುತ್ತಾ ಸ್ಟೇಷನ್ ತಿರುಗಿಸುವುದಕ್ಕಿಂತ ಫೋನ್ ತೆಗೆಯದಿರುವುದೇ ವಾಸಿ ಅನ್ನಿಸಿ ಬಿಟ್ಟೆ.

—

ಬ್ಲೂಟೂತ್ ಸ್ಟೀರಿಯೋನೇ ಹಾಕಿಸಿ, ಹೊರಗಿನ ಮೈಕ್ ಬರುವಂಥದ್ದು. ನಿಮ್ಮ ಕಾರಿಗೆ ಹೊಂದುವ ಕಪ್ಲರ್ (ಕಾರಿನ ವೈರ್‌ಗೂ ಸ್ಟೀರಿಯೋ ವೈರ್‌ಗೂ ನಡುವೆ ಸಿಕ್ಕಿಸುವ ಪ್ಲಗ್) ಕೇಳಿ ತನ್ನಿ. ಆಗ ಕಂಪನಿ ವೈರ್ ಕತ್ತರಿಸುವ ಮಾತೇ ಇಲ್ಲ.

ನನ್ನ ಕಥೆ ಕೇಳಿ. ಅಂಗಡಿಯವನು ಅರ್ಧ ಗಂಟೆಯಲ್ಲಿ ಮುಗಿಸಿ ಕೊಟ್ಟ, ನಾನೂ ಖುಷಿಯಾದೆ. ಸ್ಟೀರಿಯೋದ ಹಳದಿ ವೈರ್‌ಗೆ ಸದಾ 12 ವೋಲ್ಟ್ ಬೇಕು, ಕೆಂಪು ವೈರ್‌ಗೆ ಕೀ ತಿರುಗಿಸಿದಾಗ ಮಾತ್ರ, ಕಪ್ಪು ಅರ್ಥ್. ಆತ ಹಳದಿ, ಕೆಂಪು ಎರಡನ್ನೂ ಸೇರಿಸಿ ನೇರ ಬ್ಯಾಟರಿಗೆ ಕೊಟ್ಟಿದ್ದ. ರೈಲ್ವೇ ಸ್ಟೇಷನ್‌ನಲ್ಲಿ ನಾಲ್ಕು ದಿನ ಗಾಡಿ ನಿಲ್ಲಿಸಿ ಬಂದರೆ ಬ್ಯಾಟರಿ ಸತ್ತಿತ್ತು. ಅದಾದರೂ ಹೋಗಲಿ. ಏಪ್ರಿಲ್ ಬಿಸಿಲಿಗೆ ಇನ್ಸುಲೇಷನ್ ಟೇಪಿನ ಅಂಟು ಕರಗಿ, ಬಿಚ್ಚಿಕೊಂಡ ವೈರ್ ಬಾಡಿಗೆ ತಾಗಿ, ಡ್ಯಾಶ್‌ಬೋರ್ಡ್ ಹಿಂದಿನಿಂದ ಸುಟ್ಟ ವಾಸನೆ! ನಡುವೆ ಫ್ಯೂಸೇ ಇರಲಿಲ್ಲ.

ಬ್ಯಾಟರಿಯಿಂದ ಬೇರೆ ವೈರ್ ಎಳೆದರೆ ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಬೇಕು. ಸ್ಟೀರಿಯೋ ಹಿಂದೆ ಇರುವ ಫ್ಯೂಸ್ ಸ್ಟೀರಿಯೋವನ್ನು ಕಾಯುತ್ತದೆ, ನಡುವಿನ ವೈರನ್ನಲ್ಲ. ಜಾಯಿಂಟ್‌ಗೆ ಬೆಸುಗೆ ಹಾಕಿಸಿ, ಮೇಲೆ ಬಿಸಿ ಮಾಡಿದರೆ ಬಿಗಿಯಾಗಿ ಕೂರುವ ಹೀಟ್ ಶ್ರಿಂಕ್ ಟ್ಯೂಬ್.

ಕಾರಿನ ಕಡೆಯ ವೈರ್‌ಗಳ ಬಣ್ಣ ನಂಬಬೇಡಿ. ಟೆಸ್ಟ್ ಲ್ಯಾಂಪ್ (ಕರೆಂಟ್ ಇದ್ದರೆ ಉರಿಯುವ ಪುಟ್ಟ ಬಲ್ಬ್) ಇಟ್ಟು ನೋಡಿ. ನೋಡಿಯಾದ ಮೇಲೆ 10 ನಂಬರ್ ಸ್ಪ್ಯಾನರ್‌ನಲ್ಲಿ ಬ್ಯಾಟರಿಯ ಮೈನಸ್ ಬಿಚ್ಚಿ, ಆಮೇಲೆ ಕೆಲಸ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ.

—

ಮೇಲಿನವರು ಮೈಕ್ ಎಲ್ಲಿಡಬೇಕು ಅಂತ ಹೇಳಲಿಲ್ಲ. ಎಸಿ ಗಾಳಿ ಬೀಸುವ ಕಡೆ ಬೇಡ, ಆ ಕಡೆಯವರಿಗೆ ಬರೀ ಬುಸ್ ಅಂತ ಕೇಳುತ್ತದೆ. ಸ್ಟೇರಿಂಗ್ ಹಿಂದೆ ಅಥವಾ ಮೇಲೆ ಕನ್ನಡಿ ಪಕ್ಕ ಇಡಿ. ವೈರ್ ಪೆಡಲ್ ಹತ್ತಿರ ಜೋತು ಬೀಳಬಾರದು, ಟೈ ಹಾಕಿ ಕಟ್ಟಿ. ನನ್ನದು ಕರ್ಟನ್ ಏರ್‌ಬ್ಯಾಗ್ (ಪಕ್ಕದ ಕಿಟಕಿಗಳ ಮೇಲಿಂದ ಇಳಿಯುವಂಥದ್ದು) ಇರುವ ಗಾಡಿ. ಮುಂದಿನ ಗಾಜಿನ ಪಕ್ಕದ ಕಂಬದ ಪ್ಲಾಸ್ಟಿಕ್ ಒಳಗೆ ವೈರ್ ತುರುಕಲು ಹೊರಟಿದ್ದ ಹುಡುಗನನ್ನು ತಡೆದೆ. ಬ್ಯಾಗ್ ಬಿಚ್ಚಿಕೊಳ್ಳುವ ದಾರಿಗೆ ಅದು ಅಡ್ಡ ಬರುತ್ತಿತ್ತು.

—

ಪೊಲೀಸ್ ಭಯ ಇರುವವರಿಗೆ: 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್‌ನಲ್ಲಿ ಇರುವುದು ಕೈಯಲ್ಲಿ ಹಿಡಿಯುವ ಸಾಧನದ ಮಾತು. ಹಾಗಂತ ಶಿರಾಡಿ ಘಾಟಿನ ತಿರುವಲ್ಲಿ ಆಫೀಸ್ ಮೀಟಿಂಗ್ ಬೇಡ ಗುರು. ನಾನು ಒಮ್ಮೆ ಹಾಗೆ ಮಾತಾಡುತ್ತಾ ಎದುರಿನ ಟ್ಯಾಂಕರ್ ನೋಡಿದ್ದು ತಡವಾಗಿ. ಕೈ ಎರಡೂ ಸ್ಟೇರಿಂಗ್ ಮೇಲೇ ಇತ್ತು.

—

ಎಲ್ಲರಿಗೂ ಥ್ಯಾಂಕ್ಸ್. ಕಪ್ಲರ್ ತರಲು ಶನಿವಾರ ಜೆಸಿ ರೋಡಿಗೆ ಹೋಗುತ್ತೇನೆ, ಫ್ಯೂಸ್ ಮರೆಯುವುದಿಲ್ಲ. ಅಪ್ಪನಿಗೆ ಮಾತ್ರ ಇನ್ನೂ ಹೇಳಿಲ್ಲ. ಆ ರೇಡಿಯೋ ಅವರೇ ಹಾಕಿಸಿದ್ದು.